3 ವರ್ಷದ ಮಗನ ಜತೆ ಟೆಂಟ್‌ನಲ್ಲಿ ಮೊದಲ ರಾತ್ರಿ: ಚಿಂಚೋಳಿಗೆ ಹೋಗಬಹುದಾ?

ಪರಸಿಕಲ್ಲು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯ ಜೇವರ್ಗಿ ರಸ್ತೆ ಕಡೆಯವರು. ಮಗಳಿಗೆ 7 ವರ್ಷ, ಮಗನಿಗೆ 3 ತುಂಬಿ ಎರಡು ತಿಂಗಳು. ಮಗಳ ಕ್ಲಾಸಿನ ಯಾವುದೋ ಹುಡುಗಿ ದಸರೆ ರಜೆಯಲ್ಲಿ ಟೆಂಟ್‌ನಲ್ಲಿ ಮಲಗಿ ಬಂದಳಂತೆ. ಅವತ್ತಿನಿಂದ ನಮ್ಮ ಮಂಚಕ್ಕೆ ನನ್ನ ಸೀರೆ ಕಟ್ಟಿದೆ. ಅದರ ಕೆಳಗೇ ಊಟ, ಅದರ ಕೆಳಗೇ ಹೋಂವರ್ಕ್. ಕೊನೆಗೆ ನಮ್ಮನೆಯವರು 3,500 ರೂಪಾಯಿ ಕೊಟ್ಟು ನಾಲ್ಕು ಜನರ ಟೆಂಟ್ ತರಿಸಿಯೇ ಬಿಟ್ಟರು. ಇನ್ನೂ ಚೀಲದಿಂದ ಹೊರಗೆ ತೆಗೆದಿಲ್ಲ.

ಡಿಸೆಂಬರ್‌ನಲ್ಲಿ ಚಿಂಚೋಳಿ ಹತ್ತಿರ ಚಂದ್ರಂಪಳ್ಳಿ ಕೆರೆ ಕಡೆ ಒಂದು ರಾತ್ರಿ ಇದ್ದು ಬರಬೇಕು ಅಂತ ಆಸೆ. ನಾವಿಬ್ಬರೂ ಟೆಂಟ್‌ನಲ್ಲಿ ಯಾವತ್ತೂ ಮಲಗಿದವರಲ್ಲ. ಮಗ ರಾತ್ರಿ ಎರಡು ಗಂಟೆಗೆ ತಪ್ಪದೆ ಸುಸ್ಸುಗೆ ಏಳುತ್ತಾನೆ. ಚಳಿ, ಹಾವು, ಚೇಳು ಎಲ್ಲ ನೆನೆಸಿಕೊಂಡರೆ ನನಗೇ ನಿದ್ದೆ ಬರುತ್ತಿಲ್ಲ. ನಮ್ಮತ್ತೆ ಬೇರೆ, "ಇದ್ದ ಮನಿ ಬಿಟ್ಟು ಅಡವ್ಯಾಗ ಮಲಗಲಾಕ ರೊಕ್ಕ ಯಾಕ ಕೊಡ್ತೀರಿ?" ಅಂತ ದಿನಾ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸಣ್ಣ ಮಕ್ಕಳನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ಹೇಳಿ. ನೇರ ಚಂದ್ರಂಪಳ್ಳಿಗೇ ಹೋಗಬಹುದಾ?

ಅಡವಿದಾರಿ (ಚಿಂಚೋಳಿ)

ಅಕ್ಕಾರೆ, ಜಾಗ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಸುತ್ತ ಗುಡ್ಡ, ನಡುವೆ ನೀರು. ಬೆಳಗಿನ ಜಾವ ನೀರಿನ ಮೇಲೆ ಮಂಜು ಕೂತಿರುತ್ತದೆ. ಆದರೆ ಒಂದು ಮಾತು ಮೊದಲೇ ತಿಳಿದುಕೊಳ್ಳಿ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಗಿದೆ, 134.88 ಚದರ ಕಿಲೋಮೀಟರ್. ಕಾರು ನಿಲ್ಲಿಸಿ, ಚೆಂದ ಕಂಡಲ್ಲಿ ಗೂಟ ಹೊಡೆದು ಮಲಗುವ ಹಾಗಿಲ್ಲ. ಧಾಮದ ಒಳಗೆ ಉಳಿಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಪರವಾನಗಿ ಬೇಕು. ಬೆಂಕಿ ಹಚ್ಚಿದರೆ ಅಪರಾಧ. ಡಿಸೆಂಬರ್ ಹೊತ್ತಿಗೆ ಹುಲ್ಲು ಒಣಗಿ ಗರಗರ ಅನ್ನುತ್ತಿರುತ್ತದೆ. ಒಂದು ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಹೋಗುತ್ತದೆ. ಮೊದಲು ಇಲ್ಲಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಅವರು ತೋರಿಸಿದ ಕಡೆ ಮಾತ್ರ ಉಳಿಯಿರಿ.

ಪ್ರಾಣಿಗಳ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ, ಕೇಳದೆಯೇ ಹೇಳುತ್ತೇನೆ. ತೋಳ ಇದೆ, ಕತ್ತೆಕಿರುಬ ಇದೆ, ಕೊಂಡುಕುರಿ ಇದೆ. ಇವು ಮನುಷ್ಯರ ವಾಸನೆ ಬಂದರೆ ದೂರ ಹೋಗುತ್ತವೆ. ಕಾಡುಹಂದಿ ಮಾತ್ರ ಉಳಿದ ಊಟದ ವಾಸನೆಗೆ ಬಂದೇ ಬರುತ್ತದೆ. ಬಿಸ್ಕತ್ ಪುಡಿಯನ್ನೂ ಟೆಂಟ್ ಒಳಗೆ ಬಿಡಬೇಡಿ, ಡಬ್ಬಿ ಎಲ್ಲ ಕಾರಿನಲ್ಲಿರಲಿ. ಇನ್ನೊಂದು, ಒಳಗೆ ಹೋದಂತೆ ನೆಟ್‌ವರ್ಕ್ ಕೈಕೊಡುತ್ತದೆ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೊರಡಿ.

ಬಿದರಿ ಮಾಸ್ತರ್ (ಬೀದರ್)

ನನಗೂ ಇಬ್ಬರು ಮಕ್ಕಳು. ಹಾಗಾಗಿ ನನ್ನ ದಡ್ಡತನದ ಕತೆ ಹೇಳಿ ಬಿಡುತ್ತೇನೆ, ನಿಮಗೆ ಉಪಯೋಗಕ್ಕೆ ಬಂದೀತು.

ನಮ್ಮೂರು ಸಮುದ್ರಮಟ್ಟದಿಂದ 2,000 ಅಡಿಗಿಂತ ಎತ್ತರದಲ್ಲಿದೆ. ಕೆಲವು ವರ್ಷ ಡಿಸೆಂಬರ್ ರಾತ್ರಿ ಒಂದಂಕಿ ಡಿಗ್ರಿಗೆ ಇಳಿಯುತ್ತದೆ. ಇದೆಲ್ಲ ಗೊತ್ತಿದ್ದೂ, ಗೆಳೆಯನ ಮಾವಿನ ತೋಟದಲ್ಲಿ ಟೆಂಟ್ ಹಾಕಿ ಕೆಳಗೆ ಒಂದೇ ಒಂದು ಜಮಖಾನೆ ಹಾಸಿದೆ. ಹೊದೆಯಲು ಮಾತ್ರ ಮೂರು ಕಂಬಳಿ! ರಾತ್ರಿ ಮೂರು ಗಂಟೆಗೆ ಎದೆ ಬೆವರುತ್ತಿದೆ, ಬೆನ್ನು ಕೊರೆಯುತ್ತಿದೆ. ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ ಅಂತ ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವನು ನಾನೇ. ಎರಡು ಕೌದಿ ಕೆಳಗೆ, ಒಂದು ಮೇಲೆ, ಈ ಲೆಕ್ಕ ಇಟ್ಟುಕೊಳ್ಳಿ.

ಮತ್ತೆ ನಮ್ಮದು ಜಂಬಿಟ್ಟಿಗೆ ನೆಲ. ಟೆಂಟ್ ಜತೆ ಕೊಡುವ ಗೂಟಗಳು ಒಂದೊಂದಾಗಿ ಬಗ್ಗಿ ಹೋದವು. ಕೊನೆಗೆ ದೊಡ್ಡ ಕಲ್ಲಿಗೆ ಹಗ್ಗ ಸುತ್ತಿದೆವು. ನನ್ನ ಮಗ ಕತ್ತಲೆಗೆ ಹೆದರಲಿಲ್ಲ. ಟಾರ್ಚ್ ಬೆಳಕಿಗೆ ಟೆಂಟ್ ಮೇಲೆ ಬಿದ್ದ ನನ್ನ ನೆರಳು ನೋಡಿ ಕಿರುಚಿದ.

ನನ್ನ ಸಲಹೆ ಒಂದೇ. ಮೊದಲು ನಿಮ್ಮ ಮಾಳಿಗೆ ಮೇಲೆ ಒಂದು ರಾತ್ರಿ ಮಲಗಿ. ತಪ್ಪುಗಳೆಲ್ಲ ಅಲ್ಲೇ ಆಗಿ ಹೋಗಲಿ, ಮೆಟ್ಟಿಲು ಇಳಿದರೆ ಮನೆ. ಟೆಂಟ್ ಬೇಡವೇ ಬೇಡ, ಕಾಡು ನೋಡಿದರೆ ಸಾಕು ಅನ್ನುವುದಾದರೆ ನಮ್ಮ ವಿಲಾಸಪುರದಲ್ಲಿ ಜಂಗಲ್ ಲಾಡ್ಜಸ್‌ನವರ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಕೃಷ್ಣಮೃಗ ನೋಡಬಹುದು, ರಾತ್ರಿ ಗೋಡೆ ಇರುವ ಕೋಣೆಯಲ್ಲಿ ಮಲಗಬಹುದು. ಆದರೆ ನಿಮ್ಮ ಮಗಳು ಅದಕ್ಕೆ ಒಪ್ಪುತ್ತಾಳಾ?

ಬಿಸಿಲೂರು

ಈ ಚಳಿಯಲ್ಲಿ ಮಕ್ಕಳನ್ನು ಯಾಕೆ ಹಿಂಸೆ ಮಾಡುತ್ತೀರಿ? ಸುಮ್ನೆ ಲಾಡ್ಜ್ ಮಾಡಿ.

ಪರಸಿಕಲ್ಲು

@ಬಿಸಿಲೂರು ಅಣ್ಣಾ, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಕರೆದುಕೊಂಡು ಹೋಗಲಾ ಮತ್ತೆ? ನಮ್ಮ ಊರಿನಲ್ಲಿ ಹೊರಗೆ ಮಲಗುವ ಹಾಗಿರುವುದೇ ಈ ಎರಡು ಮೂರು ತಿಂಗಳು.

@ಬಿದರಿ ಮಾಸ್ತರ್ ಸರ್, ಗೋಡೆ ಇದ್ದರೆ ಅದು ಟೆಂಟ್ ಹೆಂಗಾಗುತ್ತೆ ಅಂತ ಕೇಳಿದಳು. ಮಾಳಿಗೆಯ ಯೋಚನೆ ಚೆನ್ನಾಗಿದೆ.

ರಾತ್ರಿಪಾಳಿ (ಯಾದಗಿರಿ)

ನಾನು ನರ್ಸ್. ಹೆದರಿಸಲು ಬರೆಯುತ್ತಿಲ್ಲ, ಆದರೆ ಮೂರು ವಿಷಯ ಹೇಳದೆ ಇರಲಾರೆ.

ಹಾವಿನ ಬಗ್ಗೆ. ಟೆಂಟ್‌ಗೆ ತಳ ಹೊಲಿದಿದ್ದು, ಝಿಪ್ ಪೂರ್ತಿ ಎಳೆದಿದ್ದರೆ ಬರಿ ನೆಲದ ಮೇಲೆ ಮಲಗುವುದಕ್ಕಿಂತ ಅದೇ ವಾಸಿ. ಕಟ್ಟುಹಾವು ರಾತ್ರಿ ಹೊತ್ತು ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಎಷ್ಟೋ ಸಲ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಆಮೇಲೆ ಹೊಟ್ಟೆನೋವು ಅನ್ನುತ್ತಾರೆ, ಕಣ್ಣು ರೆಪ್ಪೆ ಜೋಲುತ್ತದೆ. ಏನೇ ಕಚ್ಚಿದರೂ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿ ಹಚ್ಚಿ ಹೀರಬೇಡಿ. ಮಗುವನ್ನು ಅಲುಗಾಡಿಸದೆ ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಹೋಗುವ ಮೊದಲೇ ಹತ್ತಿರದ ದೊಡ್ಡ ಆಸ್ಪತ್ರೆ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.

ಚೇಳು. ದೊಡ್ಡವರಿಗೆ ಉರಿ, ನೋವು ಆಗಿ ಮುಗಿಯಬಹುದು. ಆದರೆ ಕೆಂಪು ಚೇಳು ಸಣ್ಣ ಮಕ್ಕಳಿಗೆ ಅಪಾಯ. ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗೆ ಆದರೆ ಒಂದು ನಿಮಿಷವೂ ಕಾಯಬೇಡಿ. ಇದಕ್ಕೆ ಪ್ರಾಜೋಸಿನ್ ಅನ್ನುವ ಸಾದಾ ಮಾತ್ರೆ ಕೆಲಸ ಮಾಡುತ್ತದೆ ಅಂತ ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್. ಹಾಗಂತ ಮಾತ್ರೆ ನೀವೇ ಕೊಡಬೇಡಿ, ಅದು ಡಾಕ್ಟರ್ ಕೆಲಸ. ನಿಮ್ಮ ಕೆಲಸ ಅಂದರೆ ಬೆಳಿಗ್ಗೆ ಚಪ್ಪಲಿ, ಬೂಟು ಝಾಡಿಸಿ ಹಾಕುವುದು.

ಕೊನೆಯದು ಶೇಗಡಿ. ಚಳಿ ಅಂತ ಇದ್ದಿಲ ಶೇಗಡಿಯನ್ನು ದಯವಿಟ್ಟು ಟೆಂಟ್ ಒಳಗೆ ತರಬೇಡಿ. ಗ್ಯಾಸ್ ಒಲೆಯೂ ಬೇಡ. ಇದ್ದಿಲಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ನನ್ನ ಭಯ ಹಾವಿಗಿಂತ ಇದರದ್ದೇ ಜಾಸ್ತಿ.

ಕೃಷ್ಣೆದಂಡೆ (ಸುರಪುರ)

ಯಾರಾದರೂ ನಮ್ಮ ಕಡೆ ನದಿ ದಂಡೆ ಚೆನ್ನಾಗಿದೆ ಅಂದರೆ ಕೇಳಬೇಡಿ. ಕೃಷ್ಣೆಯಲ್ಲಿ ಮೊಸಳೆ ಇವೆ. ನಾರಾಯಣಪುರ ಡ್ಯಾಂನಿಂದ ನೀರು ಬಿಟ್ಟರೆ ಕೆಳಗಿನ ಮರಳು ನೋಡನೋಡುತ್ತಾ ಮುಳುಗುತ್ತದೆ. ಮಕ್ಕಳಿಗೆ ಹಕ್ಕಿ ತೋರಿಸಬೇಕಾದರೆ ಬೋನಾಳ ಕೆರೆಗೆ ಬೆಳಿಗ್ಗೆ ಬನ್ನಿ, ಸಂಜೆ ಹೋಗಿ.

ಒಡ್ಡಿನಮ್ಯಾಲ (ಆಳಂದ ತಾಲೂಕು)

ತಂಗಿ, ನಿಮ್ಮ ಅತ್ತಿಯವರು ಅಂದದ್ದರಲ್ಲಿ ಅರ್ಧ ಖರೆ ಅದೆ. ನಾವು ಹುಡುಗರಿದ್ದಾಗ ಜೋಳ ಕಾಯಲಿಕ್ಕೆ ತಿಂಗಳುಗಟ್ಟಲೆ ಹೊಲದಲ್ಲೇ ಮಲಗುತ್ತಿದ್ದೆವು. ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟುವುದು, ಬೆಳಿಗ್ಗೆ ಕವಣಿ ಬೀಸಿ ಹಕ್ಕಿ ಓಡಿಸುವುದು. ಅದಕ್ಕೆ ಯಾರೂ ಕ್ಯಾಂಪಿಂಗ್ ಅನ್ನಲಿಲ್ಲ, ರೊಕ್ಕ ಸಹ ಕೊಡಲಿಲ್ಲ.

ನಿಮ್ಮವರದೋ ಬೀಗರದೋ ಹೊಲ ಇರಬೇಕಲ್ಲ? ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಬಂತು. ಹೆಂಗೂ ಎಲ್ಲರೂ ಹೊಲಕ್ಕೆ ಹೋಗುತ್ತೀರಿ. ಬೆಳಿಗೆ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ ಉಂಡು ಸಂಜೆ ತಿರುಗಿ ಬರುವ ಬದಲು ಆ ರಾತ್ರಿ ಅಲ್ಲೇ ಇರಿ. ಪರವಾನಗಿ ಬೇಡ. ಬಾವಿ ನೀರು, ಮಂದಿ, ಊರು ಎಲ್ಲ ಹತ್ತಿರ.

ಟೆಂಟ್ ಹಾಕುವ ಜಾಗ ಮಾತ್ರ ನೋಡಿ ಹಾಕಿ. ಜೋಳದ ದಂಟಿನ ಕಣಿಕೆ ಬಣವಿ ಹತ್ತಿರ ಬೇಡ. ಅಲ್ಲಿ ಇಲಿ ಇರುತ್ತವೆ, ಇಲಿ ಹಿಂದೆ ಹಾವು ಬರುತ್ತದೆ. ಒಡ್ಡಿನ ಕಲ್ಲುಗುಂಪಿ ಚೇಳಿನ ಮನಿ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಬಿರುಕು ಬಿಟ್ಟ ನೆಲವೂ ಬೇಡ. ಕಣ ಮಾಡುವ ಗಟ್ಟಿ ಜಾಗ ಇರುತ್ತದಲ್ಲ, ಅಲ್ಲಿ ಹಾಕಿ. ತಗ್ಗಿನಲ್ಲಿ ಹಾಕಿದರೆ ಚಳಿ ಬಂದು ಕೂಡುತ್ತದೆ.

ಪರಸಿಕಲ್ಲು

ಹೋಗಿ ಬಂದೆವು! ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಮಾಳಿಗೆ. ಚೀಲ ಬಿಚ್ಚಿದರೆ ಒಂದು ಕಂಬಿಯ ಒಳಗಿನ ಎಲಾಸ್ಟಿಕ್ ದಾರ ಕಿತ್ತು ಹೋಗಿತ್ತು, ಕೂಡಿಸುವ ತುದಿ ಸೀಳಿತ್ತು. ಮಾರಿದವರಿಗೆ ಮೂರು ಸಲ ಫೋನ್ ಮಾಡಿದೆವು, "ನೋಡ್ತೀವಿ ಮೇಡಂ" ಅಷ್ಟೇ. ಕಾಡಿಗೆ ಹೋಗಿ ಚೀಲ ಬಿಚ್ಚಿದ್ದರೆ ಗತಿ ಏನು? ನಮ್ಮನೆಯವರದ್ದು ಬೈಕ್ ಪಾರ್ಟ್ಸ್ ಅಂಗಡಿ. ಪೆಟ್ರೋಲ್ ಪೈಪಿನ ತುಂಡು ತಂದು ಸೀಳಿದ ಜಾಗಕ್ಕೆ ತೊಡಿಸಿದರು. ಈಗ ಉಳಿದ ಕಂಬಿಗಳಿಗಿಂತ ಅದೇ ಗಟ್ಟಿ.

ಕಾಂಕ್ರೀಟಿಗೆ ಗೂಟ ಹೊಡೆಯಲು ಆಗುತ್ತದಾ? ನಾಲ್ಕು ಮೂಲೆಗೆ ನಾಲ್ಕು ನೀರಿನ ಕ್ಯಾನ್ ಇಟ್ಟು ಕಟ್ಟಿದೆವು. ಪಕ್ಕದ ಮನೆಯವರು ಮಾಳಿಗೆ ಹತ್ತಿ ನೋಡಿ, ಯಾರದು ಮದುವೆ ಅಂತ ಕೇಳಿದರು. ನಾಲ್ಕು ಜನರ ಟೆಂಟ್ ಅಂದರೆ ನಾಲ್ಕು ಜನ ಒತ್ತಾಗಿ ಮಲಗಬಹುದು, ಐದನೆಯದಾಗಿ ಒಂದು ಚೀಲ ಇಡಲೂ ಜಾಗ ಇಲ್ಲ. ಎರಡು ಗಂಟೆಗೆ ಸರಿಯಾಗಿ ಮಗ ಎದ್ದ. ಕತ್ತಲೆಯಲ್ಲಿ ಝಿಪ್ ಸಿಗಲಿಲ್ಲ. ಸಿಗುವಷ್ಟರಲ್ಲಿ ಕೆಲಸ ಮುಗಿದಿತ್ತು, ನನ್ನ ತೊಡೆ ಮೇಲೆ. ಎಲ್ಲರೂ ಕೆಳಗಿಳಿದು ಮನೆಯಲ್ಲಿ ಮಲಗಿದೆವು. ಮಗಳು ಮಾತ್ರ ಮೆಟ್ಟಿಲ ಮೇಲೆ ಕೂತು, ಇದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಆಗಬೇಕು ಅಂತ ಅತ್ತಳು.

ಮರುದಿನವೇ ಝಿಪ್‌ನ ತುದಿಗೆ ಬಿಳಿ ರಿಬ್ಬನ್ ಕಟ್ಟಿದೆ. ಮಗನ ತಲೆಯ ಹತ್ತಿರ ಒಂದು ಸಣ್ಣ ಬಕೆಟ್, ಮುಚ್ಚಳ ಸಮೇತ. ಎರಡನೇ ಶನಿವಾರ ಬೆಳಗಿನವರೆಗೂ ಮಾಳಿಗೆ ಮೇಲೇ ಇದ್ದೆವು.

ಆಮೇಲೆ ಆಳಂದದ ಅಣ್ಣ ಹೇಳಿದ ಹಾಗೆ ಎಳ್ಳಮಾಸಿಗೆ ಹೊಲಕ್ಕೆ ಹೋದೆವು. ನಮ್ಮವರ ಹೊಲವೂ ಆಳಂದ ತಾಲೂಕಿನಲ್ಲೇ. ಈ ಸಲ ತೊಗರಿ ಎದೆಯೆತ್ತರ ನಿಂತಿತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿದೆವು. ಆಮೇಲೆ ಹೊಲದ ತುಂಬ ಚರಗ. ಮಗ ಕೂಗುವುದನ್ನು ಕಲಿತು ಸಂಜೆವರೆಗೂ "ಹುಲ್ಲುಲ್ಲಿಗೋ" ಅಂತ ಕಂಡಕಂಡವರಿಗೆಲ್ಲ ಕೂಗುತ್ತಿದ್ದ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಉಂಡು ಉಳಿದದ್ದೇ ರಾತ್ರಿ ಊಟಕ್ಕೆ ಆಯಿತು, ಒಲೆಯ ಗೊಡವೆಯೇ ಬರಲಿಲ್ಲ. ಮಗಳು ಕಡಲೆ ಗಿಡದ ಚಿಗುರು ಚಿವುಟಿ ತಿಂದು ತಿಂದು ತುಟಿ ಹುಳಿ ಮಾಡಿಕೊಂಡಳು. ಭಾವನವರು ಹಸಿ ತೊಗರಿಕಾಯಿ ಉಪ್ಪು ನೀರಿನಲ್ಲಿ ಕುದಿಸಿ ಕೊಟ್ಟರು. ಮಕ್ಕಳಿಗೆ ಟೆಂಟ್ ಮರೆತೇ ಹೋಗಿತ್ತು.

ಜಾಗ ಹುಡುಕುವಾಗ ಅಣ್ಣನ ಮಾತು ನೆನಪಿತ್ತು. ನಮ್ಮನೆಯವರು ಬಣವಿ ಮರೆಯಲ್ಲಿ ಗಾಳಿ ಕಡಿಮೆ ಅಂತ ಅಲ್ಲಿಗೇ ಹೋದರು. ನಾನು ಬಿಡಲಿಲ್ಲ. ಕಣದ ಜಾಗದಲ್ಲಿ ಹಾಕಿದೆವು. ಗೂಟ ಚೆನ್ನಾಗಿ ಇಳಿದವು.

ಎಂಟು ಗಂಟೆ ಹೊತ್ತಿಗೆ ಗೊತ್ತಾಯಿತು, ಮಗನ ಕೌದಿ ಬಂದಿಲ್ಲ. ನಮ್ಮವ್ವನ ಹಳೆ ಸೀರೆಗಳದ್ದು, ಒಂದು ಮೂಲೆ ಬಾಯಲ್ಲಿ ಇಟ್ಟುಕೊಳ್ಳದೆ ಅವನು ಮಲಗುವುದಿಲ್ಲ. ಟಾರ್ಚ್ ಎರಡು ತಂದಿದ್ದೆ, ಓಆರ್‌ಎಸ್ ತಂದಿದ್ದೆ, ಸೀಟಿ ಸಹ ತಂದಿದ್ದೆ. ಕೌದಿ ಊರ ಮನೆಯ ಹಗ್ಗದ ಮೇಲೆ ಒಣಗುತ್ತಿತ್ತು. ಅರ್ಧ ತಾಸು ಅತ್ತ. ಕೊನೆಗೆ ಭಾವನವರು ಬೈಕ್ ಹತ್ತಿ ಊರಿಗೆ ಹೋಗಿ ತಂದರು. ಕೌದಿ ಕಂಡ ಎರಡನೇ ನಿಮಿಷಕ್ಕೆ ನಿದ್ದೆ. ಸಣ್ಣ ಮಕ್ಕಳಿರುವವರು ಬೇರೆ ಏನು ಮರೆತರೂ ಇಂಥದ್ದೊಂದು ಮರೆಯಬೇಡಿ.

ಅಮಾವಾಸ್ಯೆ ಅಲ್ವಾ, ಕತ್ತಲೆ ಅಂದರೆ ಕತ್ತಲೆ. ನಮ್ಮ ಜೇವರ್ಗಿ ರಸ್ತೆಯಲ್ಲಿ ಹತ್ತು ಚುಕ್ಕಿ ಕಂಡರೆ ಹೆಚ್ಚು. ಇಲ್ಲಿ ನೋಡಿದರೆ ಹಿಟ್ಟು ಚೆಲ್ಲಿದ ಹಾಗಿತ್ತು. ಪೂರ್ವಕ್ಕೆ ಸಾಲಾಗಿ ಮೂರು ಚುಕ್ಕಿ, ತಲೆ ಮೇಲೆ ಕೃತ್ತಿಕೆಯ ಗೊಂಚಲು. ಇವನ್ನು ತೋರಿಸಿದ್ದು ಯಾರು ಗೊತ್ತಾ? ನಮ್ಮತ್ತೆ. ಅವರು ಊರಿಗೆ ಹೋಗಿ ಮಲಗುತ್ತೇನೆ ಅಂದವರು ಕಂಬಳಿ ಹೊದ್ದು ಅಲ್ಲೇ ಕೂತಿದ್ದರು. ದೂರದಲ್ಲಿ ನರಿ ಕೂಗಿದಾಗ ಮಗಳು ನನ್ನ ಸೆರಗಿನೊಳಗೆ ಬಂದಳು. "ಅವ್ವಾ, ಅವು ತಮ್ಮ ಮಕ್ಕಳಿಗೆ ಉಣ್ಣಲಾಕ ಕರೀಲಾಕತ್ಯಾವ" ಅಂದರು ಅತ್ತೆ. ಆಮೇಲೆ ಪ್ರತಿ ಕೂಗಿಗೂ ಇವಳು ಲೆಕ್ಕ ಹಾಕುತ್ತಾ ಹೋದಳು, ಆ ನರಿಗೆ ಎಷ್ಟು ಮಕ್ಕಳು ಅಂತ. ಏಳನೆಯದಕ್ಕೆ ನಿದ್ದೆ ಹೋದಳು.

ಹತ್ತು ಗಂಟೆಗೆ ಅತ್ತೆಯವರೇ ಪ್ರೀತಿಯಿಂದ, ಮಕ್ಕಳಿಗೆ ಚಳಿ ಆಗುತ್ತದೆ ಅಂತ ಶೇಗಡಿ ಹಚ್ಚಿ ಟೆಂಟ್ ಬಾಗಿಲಿಗೆ ತಂದರು. ಯಾದಗಿರಿಯ ಅಕ್ಕ ಬರೆದದ್ದು ಓದಿರದಿದ್ದರೆ ನಾನು ಖುಷಿಯಿಂದ ಒಳಗೆ ಇಟ್ಟುಕೊಳ್ಳುತ್ತಿದ್ದೆ. ಬೇಡ ಅಂದೆ. ಸ್ವಲ್ಪ ಮುನಿಸಿಕೊಂಡರು. ಎಲ್ಲರೂ ಹೊರಗೇ ಕೂತು ಕೈ ಕಾಯಿಸಿಕೊಂಡು, ಆರಿಸಿ ಮಲಗಿದೆವು. ಅಕ್ಕಾ, ನಿಮಗೆ ಹೇಗೆ ಹೇಳಬೇಕೋ ಗೊತ್ತಿಲ್ಲ.

ಕೆಳಗೆ ಎರಡು ಕೌದಿ, ಮೇಲೆ ಒಂದು, ಮಾಸ್ತರರ ಲೆಕ್ಕ ಸರಿ ಇತ್ತು. ಬೆಳಗಿನ ಜಾವ ಮೊಬೈಲ್ 13 ಡಿಗ್ರಿ ತೋರಿಸುತ್ತಿತ್ತು, ಮಕ್ಕಳು ಕದಲಲಿಲ್ಲ. ಆದರೆ ಚಳಿಗೆ ಹೆದರಿ ಕಿಟಕಿ, ಜಾಳಿಗೆ ಎಲ್ಲ ಮುಚ್ಚಿದ್ದೆವು. ಐದು ಗಂಟೆಗೆ ನನ್ನ ಮುಖದ ಮೇಲೆ ಟಪ್ ಟಪ್ ನೀರು. ಮಳೆ ಅಂತ ಎದ್ದೆ. ಹೊರಗೆ ನೋಡಿದರೆ ಆಕಾಶ ತುಂಬ ಚುಕ್ಕಿ. ನಾಲ್ಕು ಜನರ ಉಸಿರೇ ಹಬೆಯಾಗಿ ಬಟ್ಟೆಗೆ ಹತ್ತಿ ಇಳಿಯುತ್ತಿತ್ತು. ಮುಂದಿನ ಸಲ ಮೇಲಿನ ಜಾಳಿಗೆ ತೆರೆದೇ ಇಡುತ್ತೇವೆ.

ಬೆಳಿಗ್ಗೆ ಚಪ್ಪಲಿ ಝಾಡಿಸಿದೆವು. ನನ್ನ ಎಡಗಾಲಿನದ್ದರಿಂದ ಒಂದು ಕಪ್ಪೆ ಬಿತ್ತು.

ಚಂದ್ರಂಪಳ್ಳಿ ಬಿಟ್ಟಿಲ್ಲ. ಜನವರಿ ಕೊನೆಗೆ ಹೋಗೋಣ ಅಂತಿದ್ದೇವೆ. ಬರುವ ವಾರ ನಮ್ಮನೆಯವರು ಚಿಂಚೋಳಿಗೆ ಅಂಗಡಿ ಕೆಲಸಕ್ಕೆ ಹೋಗುವವರಿದ್ದಾರೆ, ಅರಣ್ಯ ಕಚೇರಿಯಲ್ಲಿ ಕೇಳಿ ಬರುತ್ತಾರೆ. ಈ ಸಲ ಐದು ಜನ. ಅತ್ತೆ ಬರುತ್ತೇನೆ ಅಂದಿದ್ದಾರೆ, ಟೆಂಟ್ ಸಾಲುವುದಿಲ್ಲ.

ಒಡ್ಡಿನಮ್ಯಾಲ

ಅತ್ತಿಯವರಿಗೆ ಶರಣು ಹೇಳು ತಂಗಿ. ಅವರಿಗೆ ರೊಕ್ಕ ಎಷ್ಟಾಯಿತು ಅಂತ ಹೇಳಬೇಡ.

ಬಿದರಿ ಮಾಸ್ತರ್

ಮೇಡಂ, ನಮ್ಮ ಟೆಂಟ್‌ನ ಕಂಬಿಯೂ ಸೀಳಿದೆ. ಆ ಪೆಟ್ರೋಲ್ ಪೈಪು ಯಾವ ಗಾಡಿಯದು?

ಪರಸಿಕಲ್ಲು

ಗಾಡಿ ನೋಡಬೇಡಿ ಸರ್, ಕಂಬಿಯ ತುಂಡು ಅಂಗಡಿಗೆ ಒಯ್ದು ಅದಕ್ಕೆ ಬಿಗಿಯಾಗಿ ಕೂರುವುದನ್ನು ತೊಗೊಳ್ಳಿ ಅಂತಾರೆ ನಮ್ಮನೆಯವರು. ಬಿಸಿ ನೀರಿನಲ್ಲಿ ಎರಡು ನಿಮಿಷ ಅದ್ದಿ ತೊಡಿಸಿದರೆ ಸಲೀಸಾಗಿ ಹೋಗುತ್ತದಂತೆ. ನಾಲ್ಕು ಇಂಚು ಸಾಕು.